ಮೀನು ಸತ್ತಿಲ್ಲ, ಹಾಗಾದ್ರೆ ಮರಿ ಎಲ್ಲಿ? ಹಾರ್ಮೋನ್ ಕೆಡಿಸೋ ರಾಸಾಯನಿಕಗಳ ಕಥೆ

ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಕೇಳೋರು ಪ್ಲೇ ಬಟನ್ ಒತ್ತಿ, ಓದೋರು ಇಲ್ಲೇ ಮುಂದುವರಿಸಿ.

 

ಒಂದು ಪ್ರಶ್ನೆಯಿಂದ ಶುರು ಮಾಡೋಣ. ನದಿಯಲ್ಲೋ ಕೆರೆಯಲ್ಲೋ ಮೀನು ಸತ್ತು ತೇಲಿದ್ರೆ ಏನಾಗುತ್ತೆ? ಅರ್ಧ ಗಂಟೆಯಲ್ಲಿ ಯಾರೋ ವಿಡಿಯೋ ಮಾಡ್ತಾರೆ, ವಾಟ್ಸ್‌ಆ್ಯಪ್ ಸ್ಟೇಟಸ್ ಆಗುತ್ತೆ, ಸಂಜೆ ಹೊತ್ತಿಗೆ ಸುದ್ದಿ ಆಗುತ್ತೆ. ಅಧಿಕಾರಿಗಳು ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗ್ತಾರೆ. ಸತ್ತ ಮೀನು ಕಣ್ಣಿಗೆ ಕಾಣುತ್ತೆ, ಮೂಗಿಗೆ ವಾಸನೆ ಹೊಡೆಯುತ್ತೆ. ಅದಕ್ಕೇ ಅದು ಸುದ್ದಿ.

ಆದ್ರೆ ಇನ್ನೊಂದು ಥರದ ಹಾನಿ ಇದೆ. ಅದರಲ್ಲಿ ಮೀನು ಸಾಯೋದಿಲ್ಲ. ಈಜುತ್ತೆ, ತಿನ್ನುತ್ತೆ, ಬಲೆಗೂ ಬೀಳುತ್ತೆ. ನೋಡಿದ್ರೆ ಎಲ್ಲಾ ಸರಿ ಇದೆ ಅನ್ನಿಸುತ್ತೆ. ಆದ್ರೆ ಗಂಡು ಮೀನಿನ ಬೀಜಕೋಶದ ಒಳಗೆ ಹೆಣ್ಣಿನ ಮೊಟ್ಟೆ ಬೆಳೆದಿರುತ್ತೆ, ಅಥವಾ ಮರಿಯ ಗಾಳಿಚೀಲ ತುಂಬದೆ ಅದು ನೆಟ್ಟಗೆ ಈಜೋಕೇ ಆಗೋದಿಲ್ಲ. ಎರಡು ಮೂರು ವರ್ಷ ಆದ್ಮೇಲೆ ಒಂದು ದಿನ ನೋಡ್ತೀವಿ, ಆ ಜಾತಿಯ ಮೀನೇ ಇಲ್ಲ. ಯಾವಾಗ ಹೋಯ್ತು, ಯಾಕೆ ಹೋಯ್ತು ಅಂತ ಹೇಳೋಕೆ ಒಂದು ಹೆಣವೂ ಸಿಗೋದಿಲ್ಲ. ಇವತ್ತಿನ ಮಾತು ಇದರ ಬಗ್ಗೆ.

ನಮ್ಮ ನದಿಯ ಲೆಕ್ಕ

ಮೊದಲು ನಮ್ಮ ನೀರಿನ ದಾರಿ ನೋಡೋಣ. ಕಾಗಿಣಾ ನದಿ ತೆಲಂಗಾಣದ ತಾಂಡೂರು ಕಡೆಯಿಂದ ನಮ್ಮ ಸೇಡಂ ತಾಲ್ಲೂಕಿಗೆ ಬರುತ್ತೆ. ಚಿಂಚೋಳಿ ಕಡೆಯಿಂದ ಮುಲ್ಲಾಮಾರಿ ಬಂದು ಇದಕ್ಕೆ ಸೇರುತ್ತೆ, ಇನ್ನೊಂದು ಕಡೆಯಿಂದ ಬೆಣ್ಣೆತೊರಾ ಸೇರುತ್ತೆ. ರಾಷ್ಟ್ರಕೂಟರ ರಾಜಧಾನಿ ಆಗಿದ್ದ ಮಳಖೇಡದ ಕೋಟೆ ಇದರ ದಂಡೆಯಲ್ಲೇ ಇದೆ. ಅಲ್ಲಿಂದ ಚಿತ್ತಾಪುರ, ಶಹಾಬಾದ್ ಕಡೆ ಹರಿದು ಭೀಮಾಗೆ ಸೇರುತ್ತೆ. ಭೀಮಾ ಮುಂದೆ ಕೃಷ್ಣೆಗೆ. ಅಂದ್ರೆ ಚಿಂಚೋಳಿಯ ಹೊಲದಿಂದ ಹಳ್ಳಕ್ಕೆ ಇಳಿದ ಒಂದು ಹನಿ, ನಮ್ಮ ಅಷ್ಟೂ ಊರುಗಳ ನೆಲ ದಾಟಿಕೊಂಡೇ ಹೋಗುತ್ತೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ ಮಲಿನ ನದಿಗಳ ಪಟ್ಟಿ ಬಿಡುಗಡೆ ಮಾಡ್ತು. ದೇಶದಲ್ಲಿ ಒಟ್ಟು 351 ನದಿ ಭಾಗಗಳು, ಕರ್ನಾಟಕದಲ್ಲಿ 17. ಆ 17ರಲ್ಲಿ ಭೀಮಾ ಇದೆ, ನಮ್ಮ ಕಾಗಿಣಾನೂ ಇದೆ. ಶಹಾಬಾದ್‌ನಿಂದ ಹೊನಗುಂಟಾವರೆಗಿನ ಭಾಗ.

ಈ ಪಟ್ಟಿ ಮಾಡಿದ್ದು ಯಾವ ಲೆಕ್ಕದ ಮೇಲೆ? ಬಿಓಡಿ ಅನ್ನೋ ಒಂದು ಅಳತೆ ಮೇಲೆ. ನೀರಿನಲ್ಲಿರೋ ಕೊಳೆಯನ್ನ ತಿಂದು ಕರಗಿಸೋಕೆ ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಅನ್ನೋದನ್ನ ಅದು ಹೇಳುತ್ತೆ. ಲೀಟರಿಗೆ 3 ಮಿಲಿಗ್ರಾಂ ಮೀರಿದ್ರೆ ಪಟ್ಟಿಗೆ ಸೇರುತ್ತೆ. ಇದು ಒಳ್ಳೆಯ ಅಳತೆ, ಬೇಕಾದ ಅಳತೆ. ಚರಂಡಿ ನೀರು ಎಷ್ಟು ಸೇರ್ತಿದೆ ಅಂತ ಇದರಿಂದ ಗೊತ್ತಾಗುತ್ತೆ. ಆದ್ರೆ ಮೀನಿನ ಹಾರ್ಮೋನ್ ಕೆಡಿಸೋ ವಸ್ತು ಕೆಲಸ ಮಾಡೋದು ಮಿಲಿಗ್ರಾಂನಲ್ಲಿ ಅಲ್ಲ, ನ್ಯಾನೋಗ್ರಾಂನಲ್ಲಿ. ಅಂದ್ರೆ ಮಿಲಿಗ್ರಾಂನ ಹತ್ತು ಲಕ್ಷದಲ್ಲಿ ಒಂದು ಭಾಗ. ಬಿಓಡಿ ಪರೀಕ್ಷೆಗೆ ಅದು ಕಾಣೋದೇ ಇಲ್ಲ. ಕಲ್ಲು ತೂಗೋ ವೇಬ್ರಿಜ್ ಮೇಲೆ ಒಂದು ಸಾಸಿವೆ ಕಾಳು ಇಟ್ಟ ಹಾಗೆ.

ಹಾರ್ಮೋನ್ ಅಂದ್ರೆ ಏನು?

ಸರಳವಾಗಿ ಹೇಳೋದಾದ್ರೆ ಹಾರ್ಮೋನ್ ಅಂದ್ರೆ ದೇಹದ ಒಳಗಿನ ಮೆಸೇಜ್. ಒಂದು ಗ್ರಂಥಿ ಕಳಿಸುತ್ತೆ, ರಕ್ತದಲ್ಲಿ ಹರಿದು ಹೋಗುತ್ತೆ, ಇನ್ನೆಲ್ಲೋ ಇರೋ ಜೀವಕೋಶ ಅದನ್ನ ಓದಿ ಕೆಲಸ ಶುರು ಮಾಡುತ್ತೆ. ಬೆಳೆ, ನಿಲ್ಲು, ಮೊಟ್ಟೆ ತಯಾರು ಮಾಡು, ಇಂಥ ಆಜ್ಞೆಗಳು. ಮೆಸೇಜ್ ಚಿಕ್ಕದು, ಕೆಲಸ ದೊಡ್ಡದು. ಅದಕ್ಕೇ ಬಹಳ ಕಡಿಮೆ ಪ್ರಮಾಣ ಸಾಕು.

ಮೀನಿನ ವಿಷಯದಲ್ಲಿ ಇದು ಎಷ್ಟು ಶಕ್ತಿಶಾಲಿ ಅಂತ ನಮ್ಮ ದೇಶಕ್ಕೆ ಚೆನ್ನಾಗಿ ಗೊತ್ತು. ಸೇಡಂ ಸಂತೆಯಲ್ಲಿ ನೀವು ಕೊಳ್ಳೋ ಕಾಟ್ಲಾ, ರೋಹು, ಮೃಗಾಲ ಇವೆಯಲ್ಲ, ಇವು ಹರಿಯೋ ನದಿಯ ಮೀನುಗಳು. ಮಳೆಗಾಲದ ಹೊಸ ನೀರು ಬಂದಾಗ ಮೊಟ್ಟೆ ಇಡೋ ಜಾತಿ. ನಿಂತ ಕೆರೆ ನೀರಿನಲ್ಲಿ ತಾವಾಗೇ ಮರಿ ಮಾಡೋದಿಲ್ಲ. ಮೊದಲೆಲ್ಲ ನದಿಗೆ ಹೋಗಿ ಮರಿ ಹಿಡಿದು ತಂದು ಕೆರೆಗೆ ಬಿಡ್ತಿದ್ರು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅನ್ನೋ ವಿಜ್ಞಾನಿ ಮೀನಿನ ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ತೆಗೆದು, ಅದರ ರಸವನ್ನ ಕಾರ್ಪ್ ಜಾತಿಯ ಮೀನಿಗೆ ಇಂಜೆಕ್ಷನ್ ಕೊಟ್ಟು ಮೊಟ್ಟೆ ಇಡಿಸಿದ್ರು. ಮೀನಿನ ದೇಹಕ್ಕೆ ‘ಮಳೆಗಾಲ ಬಂತು’ ಅನ್ನೋ ಮೆಸೇಜ್ ಕಳಿಸಿದ ಹಾಗೆ. ಅದೇ ದಿನವನ್ನ ಇವತ್ತು ರಾಷ್ಟ್ರೀಯ ಮೀನು ಕೃಷಿಕರ ದಿನ ಅಂತ ಆಚರಿಸ್ತಾರೆ. ನಮ್ಮ ಕೆರೆ, ಜಲಾಶಯಗಳಿಗೆ ಬಿಡೋ ಮೀನುಮರಿ ಹುಟ್ಟೋದು ಈ ಹಾರ್ಮೋನ್ ವಿದ್ಯೆಯಿಂದಲೇ.

ಇನ್ನೂ ಒಂದು ಉದಾಹರಣೆ ಕೇಳಿ. ತಿಲಾಪಿಯಾ ಮೀನು ಸಾಕೋರಿಗೆ ಗಂಡು ಮೀನೇ ಬೇಕು, ಯಾಕಂದ್ರೆ ಅದು ಬೇಗ ಬೆಳೆಯುತ್ತೆ. ಅದಕ್ಕೆ ಜಗತ್ತಿನ ಎಷ್ಟೋ ಹ್ಯಾಚರಿಗಳಲ್ಲಿ ಮರಿ ಹುಟ್ಟಿದ ಮೊದಲ ಮೂರ್ನಾಲ್ಕು ವಾರ ಮೇವಿನಲ್ಲಿ ಮೀಥೈಲ್‌ಟೆಸ್ಟೋಸ್ಟೆರಾನ್ ಅನ್ನೋ ಗಂಡು ಹಾರ್ಮೋನ್ ಬೆರೆಸಿ ತಿನ್ನಿಸ್ತಾರೆ. ಹೆಣ್ಣಾಗಬೇಕಿದ್ದ ಮರಿಗಳೂ ಗಂಡಾಗಿ ಬೆಳೆಯುತ್ತವೆ. ಜೀವನ ಪೂರ್ತಿ ಕೊಡಬೇಕಿಲ್ಲ, ಆ ಮೂರ್ನಾಲ್ಕು ವಾರ ಸಾಕು.

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ಹ್ಯಾಚರಿಯಲ್ಲಿ ಯಾವ ಹಾರ್ಮೋನ್, ಎಷ್ಟು, ಯಾವ ವಯಸ್ಸಿಗೆ, ಎಷ್ಟು ದಿನ ಅನ್ನೋದನ್ನ ಮನುಷ್ಯ ನಿರ್ಧಾರ ಮಾಡ್ತಾನೆ. ನದಿಗೆ ಅದೇ ಥರದ ವಸ್ತು ಚರಂಡಿಯಿಂದ, ಹೊಲದಿಂದ ಬಂದು ಬಿದ್ರೆ? ಆಗ ಯಾರೂ ನಿರ್ಧಾರ ಮಾಡಿಲ್ಲ. ಎಲ್ಲಾ ಜಾತಿಗೂ, ಎಲ್ಲಾ ವಯಸ್ಸಿಗೂ, ವರ್ಷ ಪೂರ್ತಿ ಸಿಗುತ್ತೆ.

ಮೊಟ್ಟೆಯಿಂದ ಮರಿ: ಸೂಕ್ಷ್ಮ ದಿನಗಳು

ವಿಜ್ಞಾನಿಗಳು ಇದನ್ನೆಲ್ಲ ಅಭ್ಯಾಸ ಮಾಡೋಕೆ ಹೆಚ್ಚಾಗಿ ಬಳಸೋದು ಜೀಬ್ರಾ ಮೀನು. ಬೆರಳುದ್ದದ, ನೀಲಿ ಪಟ್ಟೆಯ ಮೀನು. ಅಕ್ವೇರಿಯಂ ಅಂಗಡಿಯಲ್ಲಿ ನೋಡಿರ್ತೀರಿ. ಮೂಲತಃ ಇದು ನಮ್ಮ ಭಾರತದ ಕಡೆಯ ಹಳ್ಳ, ಗದ್ದೆ ನೀರಿನ ಮೀನೇ. ಇದರ ಮೊಟ್ಟೆ ಗಾಜಿನ ಹಾಗೆ ಪಾರದರ್ಶಕ, ಒಳಗೆ ಏನಾಗ್ತಿದೆ ಅನ್ನೋದು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಾಣುತ್ತೆ. ಸುಮಾರು 24 ಗಂಟೆಯಲ್ಲಿ ಹೃದಯ ಬಡಿಯೋಕೆ ಶುರು ಆಗುತ್ತೆ. ಎರಡು ಮೂರು ದಿನದಲ್ಲಿ ಮರಿ ಹೊರಗೆ ಬರುತ್ತೆ.

ಈಗ ಆಶ್ಚರ್ಯದ ಸಂಗತಿ. ಮನುಷ್ಯರಲ್ಲಿ ಮಗು ಗಂಡೋ ಹೆಣ್ಣೋ ಅನ್ನೋದು ಸಾಮಾನ್ಯವಾಗಿ ವರ್ಣತಂತುಗಳಿಂದ ಮೊದಲೇ ಗೊತ್ತಾಗಿರುತ್ತೆ. ಬಹಳಷ್ಟು ಮೀನುಗಳಲ್ಲಿ ಅಷ್ಟು ಗಟ್ಟಿಯಾಗಿರೋದಿಲ್ಲ. ಜೀಬ್ರಾ ಮೀನಿನ ಮರಿಗಳಲ್ಲಿ ಮೊದಲು ಅಂಡಾಶಯದ ಥರದ ಅಂಗವೇ ಬೆಳೆಯುತ್ತೆ. ಕೆಲವು ವಾರ ಆದ್ಮೇಲೆ ಕೆಲವು ಮರಿಗಳಲ್ಲಿ ಅದು ಬೀಜಕೋಶವಾಗಿ ಬದಲಾಗುತ್ತೆ. ಆ ಹೊತ್ತಿಗೆ ದೇಹದಲ್ಲಿ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಎಷ್ಟಿದೆ, ನೀರಿನ ಬಿಸಿ ಎಷ್ಟಿದೆ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಆಗ ಹೊರಗಿನಿಂದ ಈಸ್ಟ್ರೋಜನ್ ಥರ ನಟಿಸೋ ವಸ್ತು ಒಳಗೆ ಹೋದ್ರೆ, ದೇಹ ಅದನ್ನೇ ನಿಜವಾದ ಮೆಸೇಜ್ ಅಂತ ತಿಳ್ಕೊಳ್ಳುತ್ತೆ.

ಗಂಡು ಹೆಣ್ಣಿನ ವಿಷಯ ಮಾತ್ರ ಅಲ್ಲ. ಥೈರಾಯ್ಡ್ ಹಾರ್ಮೋನ್ ಇದೆಯಲ್ಲ, ಗೊದಮೊಟ್ಟೆ ಕಪ್ಪೆ ಆಗೋಕೆ ಅದೇ ಬೇಕು. ಮೀನಿನ ಮರಿ ಸಣ್ಣ ಹುಳದ ಹಾಗಿರೋ ಸ್ಥಿತಿಯಿಂದ ನಿಜವಾದ ಮೀನಿನ ಆಕಾರಕ್ಕೆ ಬರೋಕೂ ಅದು ಬೇಕು. ಮೀನಿನ ಹೊಟ್ಟೆಯಲ್ಲಿ ಒಂದು ಗಾಳಿಚೀಲ ಇರುತ್ತೆ, ನೀರಿನಲ್ಲಿ ಮೇಲೆ ಕೆಳಗೆ ಸಮತೋಲನದಲ್ಲಿ ಇರೋಕೆ. ಥೈರಾಯ್ಡ್ ಕೆಲಸ ತಡೆಯೋ ರಾಸಾಯನಿಕಗಳಿಗೆ ಸಿಕ್ಕ ಮರಿಗಳಲ್ಲಿ ಈ ಗಾಳಿಚೀಲ ಸರಿಯಾಗಿ ಉಬ್ಬೋದಿಲ್ಲ ಅಂತ ಪ್ರಯೋಗಗಳಲ್ಲಿ ಕಂಡಿದೆ. ಗಾಳಿಚೀಲ ಸರಿ ಇಲ್ಲದ ಮರಿ ಚುರುಕಾಗಿ ಈಜೋದಿಲ್ಲ. ಆಹಾರ ಹಿಡಿಯೋಕೆ ಆಗಲ್ಲ, ದೊಡ್ಡ ಮೀನಿನಿಂದ ತಪ್ಪಿಸ್ಕೊಳ್ಳೋಕೆ ಆಗಲ್ಲ. ಅದು ವಿಷದಿಂದ ಸಾಯೋದಿಲ್ಲ, ಹಸಿವಿನಿಂದ ಸಾಯುತ್ತೆ. ಲೆಕ್ಕದಲ್ಲಿ ಅದು ಮಾಲಿನ್ಯದ ಸಾವು ಅಂತ ಎಲ್ಲೂ ಬರೆಯೋದಿಲ್ಲ.

ಹಾಗಾಗಿ ‘ಎಷ್ಟು ವಿಷ’ ಅನ್ನೋದು ಮಾತ್ರ ಪ್ರಶ್ನೆ ಅಲ್ಲ. ‘ಯಾವ ದಿನ’ ಅನ್ನೋದೂ ಅಷ್ಟೇ ದೊಡ್ಡ ಪ್ರಶ್ನೆ. ಬೆಳೆದ ಮೀನಿಗೆ ಏನೂ ಮಾಡದ ಪ್ರಮಾಣ, ಹತ್ತು ದಿನದ ಮರಿಯ ಇಡೀ ಬದುಕನ್ನೇ ಬದಲಾಯಿಸಬಹುದು.

ಇಂಗ್ಲೆಂಡಿನ ನದಿ, ಕೆನಡಾದ ಕೆರೆ

ಇದು ಪ್ರಯೋಗಾಲಯದ ಮಾತು ಮಾತ್ರ ಅಲ್ಲ. ನಿಜವಾದ ನದಿಯಲ್ಲಿ ಆಗಿದೆ.

1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಲೀ ಅನ್ನೋ ನದಿಯಲ್ಲಿ, ಚರಂಡಿ ನೀರು ಶುದ್ಧ ಮಾಡಿ ಬಿಡೋ ಜಾಗದ ಹತ್ತಿರ, ವಿಚಿತ್ರ ಮೀನು ಸಿಕ್ಕವು. ರೋಚ್ ಅನ್ನೋ ಜಾತಿ. ಒಂದೇ ಮೀನಿನಲ್ಲಿ ಗಂಡು ಹೆಣ್ಣು ಎರಡರ ಅಂಗವೂ ಇತ್ತು. ಆಮೇಲೆ ಜಾನ್ ಸಂಪ್ಟರ್ ಮತ್ತವರ ಜೊತೆಗಾರರು ಗಂಡು ಟ್ರೌಟ್ ಮೀನುಗಳನ್ನ ಪಂಜರದಲ್ಲಿ ಹಾಕಿ ಅಂಥ ನೀರಿನಲ್ಲಿ ಇಟ್ರು. ಕೆಲವೇ ವಾರದಲ್ಲಿ ಅವುಗಳ ರಕ್ತದಲ್ಲಿ ವಿಟೆಲೊಜೆನಿನ್ ಅನ್ನೋ ಪ್ರೋಟೀನು ಸಾವಿರಾರು ಪಟ್ಟು ಏರಿತ್ತು.

ಈ ಹೆಸರು ನೆನಪಿಟ್ಕೊಳ್ಳಿ: ವಿಟೆಲೊಜೆನಿನ್. ಮೊಟ್ಟೆಯ ಹಳದಿ ಭಾಗ ತಯಾರಾಗೋದು ಇದರಿಂದ. ಹೆಣ್ಣು ಮೀನಿನ ಪಿತ್ತಜನಕಾಂಗ, ಅಂದ್ರೆ ಲಿವರ್, ಇದನ್ನ ಮಾಡುತ್ತೆ. ಗಂಡಿನ ಲಿವರ್‌ಗೂ ಮಾಡೋ ಶಕ್ತಿ ಇದೆ, ಆದ್ರೆ ಸ್ವಿಚ್ ಆಫ್ ಆಗಿರುತ್ತೆ. ಗಂಡು ಮೀನಿನ ರಕ್ತದಲ್ಲಿ ಇದು ತುಂಬಾ ಸಿಕ್ತು ಅಂದ್ರೆ, ನೀರಿನಲ್ಲಿ ಏನೋ ಆ ಸ್ವಿಚ್ ಆನ್ ಮಾಡಿದೆ ಅಂತ ಅರ್ಥ.

1998ರಲ್ಲಿ ಸೂಸನ್ ಜೋಬ್ಲಿಂಗ್ ಮತ್ತವರ ತಂಡ ಇಂಗ್ಲೆಂಡಿನ ಬೇರೆ ಬೇರೆ ನದಿಗಳ ರೋಚ್ ಮೀನು ಪರೀಕ್ಷೆ ಮಾಡಿ ವರದಿ ಪ್ರಕಟಿಸಿತು. ಕೆಲವು ಜಾಗಗಳಲ್ಲಿ ಹಿಡಿದ ಗಂಡು ಮೀನುಗಳೆಲ್ಲದರಲ್ಲೂ ಹೆಣ್ಣಿನ ಲಕ್ಷಣ ಕಂಡಿತ್ತು. ಕಾರಣ ಯಾವುದೋ ಒಂದು ರಾಕ್ಷಸ ಕಾರ್ಖಾನೆ ಅಲ್ಲ. ಮುಖ್ಯ ಕಾರಣ ಹೆಣ್ಣುಮಕ್ಕಳ ಮೂತ್ರದಲ್ಲಿ ಸಹಜವಾಗಿ ಹೋಗೋ ಈಸ್ಟ್ರೋಜನ್, ಮತ್ತೆ ಗರ್ಭನಿರೋಧಕ ಮಾತ್ರೆಯಲ್ಲಿರೋ ಕೃತಕ ಈಸ್ಟ್ರೋಜನ್. ನಮ್ಮ ದೇಹ ಇದನ್ನ ಕೆಲಸ ಮಾಡದ ರೂಪಕ್ಕೆ ತಂದೇ ಹೊರಗೆ ಹಾಕುತ್ತೆ. ಆದ್ರೆ ಚರಂಡಿಯ ಬ್ಯಾಕ್ಟೀರಿಯಾಗಳು ಅದನ್ನ ಮತ್ತೆ ಕೆಲಸ ಮಾಡೋ ರೂಪಕ್ಕೆ ತರುತ್ತವೆ. ಏರ್ ಅನ್ನೋ ನದಿಯಲ್ಲಿ ಉಣ್ಣೆ ತೊಳೆಯೋಕೆ ಬಳಸಿದ ಡಿಟರ್ಜೆಂಟಿನಿಂದ ಹುಟ್ಟೋ ನೋನೈಲ್‌ಫೀನಾಲ್ ಕೂಡ ದೊಡ್ಡ ಪಾಲು ಮಾಡಿತ್ತು.

‘ಸರಿ, ಗಂಡಿನಲ್ಲಿ ಹೆಣ್ಣಿನ ಲಕ್ಷಣ ಬಂತು. ಅದರಿಂದ ಮೀನಿನ ಸಂಖ್ಯೆ ಕಡಿಮೆ ಆಗುತ್ತಾ?’ ಅಂತ ನೀವು ಕೇಳಬಹುದು. ಇದೇ ಪ್ರಶ್ನೆಗೆ ಉತ್ತರ ಹುಡುಕೋಕೆ ಕೆನಡಾದಲ್ಲಿ ಕ್ಯಾರೆನ್ ಕಿಡ್ ಅನ್ನೋ ವಿಜ್ಞಾನಿಯ ತಂಡ ಒಂದು ಇಡೀ ಕೆರೆಯನ್ನೇ ಪ್ರಯೋಗಕ್ಕೆ ತಗೊಂಡಿತು. ಸಂಶೋಧನೆಗೆ ಅಂತಲೇ ಮೀಸಲಿಟ್ಟ ಕೆರೆಗಳಲ್ಲಿ ಒಂದು, ನಂಬರ್ 260. 2001ರಿಂದ 2003ರವರೆಗೆ ಮೂರು ಬೇಸಿಗೆ, ಗರ್ಭನಿರೋಧಕ ಮಾತ್ರೆಯ ಈಸ್ಟ್ರೋಜನ್ ಅನ್ನ ಲೀಟರಿಗೆ 5-6 ನ್ಯಾನೋಗ್ರಾಂ ಇರೋ ಹಾಗೆ ಕೆರೆಗೆ ಬೆರೆಸಿದ್ರು.

5 ನ್ಯಾನೋಗ್ರಾಂ ಎಷ್ಟು ಅಂತ ಲೆಕ್ಕ ಹಾಕೋಣ. ಹತ್ತು ಸಾವಿರ ಲೀಟರಿನ ನೀರಿನ ಟ್ಯಾಂಕರ್ ತಗೊಳ್ಳಿ. ಅಂಥ 250 ಟ್ಯಾಂಕರ್ ಸಾಲಾಗಿ ನಿಲ್ಲಿಸಿ. ಅಷ್ಟೂ ನೀರಿಗೆ ಸೇರಿ 12.5 ಮಿಲಿಗ್ರಾಂ. ಹೆಚ್ಚು ಕಡಿಮೆ ಅರ್ಧ ಜೋಳದ ಕಾಳಿನ ತೂಕ.

ಅಷ್ಟಕ್ಕೇ ಏನಾಯ್ತು? ಫ್ಯಾಟ್‌ಹೆಡ್ ಮಿನ್ನೋ ಅನ್ನೋ ಸಣ್ಣ ಮೀನಿನ ಗಂಡುಗಳಲ್ಲಿ ವಿಟೆಲೊಜೆನಿನ್ ಏರಿತು, ಬೀಜಕೋಶ ಸರಿಯಾಗಿ ಬೆಳೆಯಲಿಲ್ಲ. ಈ ಮೀನು ಬದುಕೋದೇ ಎರಡು ಮೂರು ವರ್ಷ. ಹೊಸ ಮರಿ ಬರಲಿಲ್ಲ, ಹಳೇದು ವಯಸ್ಸಾಗಿ ಹೋಯ್ತು. ಆ ಜಾತಿ ಕೆರೆಯಿಂದ ಬಹುತೇಕ ಅಳಿದೇ ಹೋಯ್ತು. 2007ರಲ್ಲಿ ಈ ವರದಿ ಪ್ರಕಟ ಆಯ್ತು. ಆಮೇಲೆ ನೋಡಿದ್ರೆ, ಸಣ್ಣ ಮೀನು ತಿಂದು ಬದುಕೋ ದೊಡ್ಡ ಟ್ರೌಟ್ ಮೀನೂ ಕಡಿಮೆ ಆಗಿತ್ತು. ಅದಕ್ಕೆ ತಿನ್ನೋಕೆ ಸಣ್ಣ ಮೀನು ಸಾಕಷ್ಟು ಸಿಗ್ತಿರಲಿಲ್ಲ.

ಒಂದು ಸಮಾಧಾನದ ಸಂಗತಿಯೂ ಇದೆ. ಹಾರ್ಮೋನ್ ಹಾಕೋದು ನಿಲ್ಲಿಸಿದ ಕೆಲವೇ ವರ್ಷದಲ್ಲಿ ಸಣ್ಣ ಮೀನು ಮತ್ತೆ ಬಂದವು. ಅಂದ್ರೆ ಬೇಗ ಗೊತ್ತಾಗಿ, ಬೇಗ ನಿಲ್ಲಿಸಿದ್ರೆ ನೀರು ಸುಧಾರಿಸಿಕೊಳ್ಳುತ್ತೆ. ಆದ್ರೆ ಬೇಗ ಗೊತ್ತಾಗಬೇಕಾದ್ರೆ ಯಾರಾದ್ರೂ ನೋಡ್ತಿರಬೇಕು.

ಕನ್ನಡ ನೆಲದ ಪಾಠ: ಎಂಡೋಸಲ್ಫಾನ್

ಇದೆಲ್ಲ ವಿದೇಶದ ಕಥೆ ಅಂತ ಬಿಡೋ ಹಾಗಿಲ್ಲ. ಹಾರ್ಮೋನ್ ಕೆಡಿಸೋ ರಾಸಾಯನಿಕದ ಅತಿ ದೊಡ್ಡ ದುರಂತಗಳಲ್ಲಿ ಒಂದು ನಡೆದಿದ್ದು ಕನ್ನಡ, ತುಳು ಮಾತಾಡೋ ನೆಲದಲ್ಲೇ.

ಕಾಸರಗೋಡಿನ ಎಣ್ಮಕಜೆ ಪಂಚಾಯಿತಿ, ಪಡ್ರೆ, ವಾಣಿನಗರ. ಅಲ್ಲಿನ ಗುಡ್ಡಗಳ ಮೇಲೆ ಕೇರಳ ಸರ್ಕಾರದ ಪ್ಲಾಂಟೇಷನ್ ಕಾರ್ಪೊರೇಷನ್‌ನ ಗೇರು ತೋಟಗಳಿದ್ದವು. 1970ರ ದಶಕದ ಕೊನೆಯಿಂದ 2000ದವರೆಗೆ ಅಲ್ಲಿ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ರು. ಗುಡ್ಡದ ಮೇಲೆ ಸಿಂಪಡಿಸಿದ್ದು ಸುರಂಗ, ತೋಡು, ಬಾವಿಗಳಿಗೆ ಇಳಿಯಿತು. ನಮ್ಮ ರಾಜ್ಯದ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಗೇರು ತೋಟಗಳಲ್ಲೂ ಇದೇ ಆಯ್ತು. ಪತ್ರಕರ್ತ ಶ್ರೀಪಡ್ರೆ, ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅಂಥೋರು ಇದನ್ನ ಗಮನಿಸಿ ಬರೆದ್ರು, ಹೇಳಿದ್ರು.

ಎಂಡೋಸಲ್ಫಾನ್ ಮೀನಿಗಂತೂ ಭಾರೀ ವಿಷ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಇದ್ರೂ ಮೀನು ಸಾಯುತ್ತೆ. ಅದಕ್ಕಿಂತ ಕಡಿಮೆ ಇದ್ದಾಗ ಹಾರ್ಮೋನ್ ಮೇಲೆ ಕೆಲಸ ಮಾಡುತ್ತೆ. ಮನುಷ್ಯರ ವಿಷಯದಲ್ಲಿ ಅದು ಹೇಗೆ ಕಂಡಿತು ಅಂದ್ರೆ: ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆಯ 117 ಹುಡುಗರನ್ನ, ಸಿಂಪಡಣೆ ಇಲ್ಲದ ದೂರದ ಊರಿನ 90 ಹುಡುಗರ ಜೊತೆ ಹೋಲಿಸಿ ಪರೀಕ್ಷೆ ಮಾಡಿತು. ಪಡ್ರೆಯ ಹುಡುಗರು ಪ್ರಾಯಕ್ಕೆ ಬರೋದು ತಡ ಆಗ್ತಿತ್ತು, ಟೆಸ್ಟೋಸ್ಟೆರಾನ್ ಹಾರ್ಮೋನಿನಲ್ಲಿ ಏರುಪೇರು ಇತ್ತು. 2003ರಲ್ಲಿ ಅದು ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟ ಆಯ್ತು. 2011ರಲ್ಲಿ ಕರ್ನಾಟಕ ಸರ್ಕಾರ ಮೊದಲು, ಆಮೇಲೆ ಮೇ 13ರಂದು ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ತಡೆದವು. 2017ರಲ್ಲಿ ಸುಪ್ರೀಂ ಕೋರ್ಟ್ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಅಂತ ಆದೇಶಿಸಿತು.

ಇದು ನಮಗೆ ಯಾಕೆ ಬೇಕು? ಯಾಕಂದ್ರೆ ಎಂಡೋಸಲ್ಫಾನ್ ಗೇರಿಗೆ ಮಾತ್ರ ಹೊಡೀತಿದ್ದ ಔಷಧಿ ಅಲ್ಲ. ತೊಗರಿಯ ಕಾಯಿಕೊರಕ ಕೀಡಿಗೂ ಶಿಫಾರಸು ಮಾಡ್ತಿದ್ದ ಔಷಧಿ ಅದು. 2019ರಲ್ಲಿ ಭೌಗೋಳಿಕ ಗುರುತು, ಅಂದ್ರೆ ಜಿಐ ಟ್ಯಾಗ್ ಪಡೆದ ನಮ್ಮ ಕಲಬುರಗಿ ತೊಗರಿಗೆ ದೊಡ್ಡ ಶತ್ರು ಇದೇ ಕೀಡಿ. ‘ಎಣ್ಣಿ ಹೊಡಿಯೋದು’ ಅಂದ್ರೆ ಏನು ಅಂತ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಎಂಡೋಸಲ್ಫಾನ್ ಹೋಯ್ತು, ಬೇರೆ ಬಂದವು. 2023ರಲ್ಲಿ ಕೇಂದ್ರ ಸರ್ಕಾರ ಡೈಕೋಫಾಲ್, ಡೈನೋಕ್ಯಾಪ್, ಮೆಥೋಮಿಲ್ ಅನ್ನೂ ನಿಷೇಧ ಮಾಡ್ತು. ಮಾರುಕಟ್ಟೆಯಲ್ಲಿ ಇದೆ ಅಂದ ಮಾತ್ರಕ್ಕೆ ಸುರಕ್ಷಿತ ಅಂತಲ್ಲ, ದಶಕಗಟ್ಟಲೆ ಮಾರಿದ ಮೇಲೆ ನಿಷೇಧ ಆದ ಔಷಧಿಗಳು ಇವು.

ಕಾಗಿಣಾಕ್ಕೆ ಏನೇನು ಇಳಿಯಬಹುದು?

ನಮ್ಮ ಕಡೆ ಮಾಲಿನ್ಯ ಅಂದ ಕೂಡ್ಲೇ ಸಿಮೆಂಟ್ ಧೂಳು ನೆನಪಾಗುತ್ತೆ. ವಾಡಿ, ಸೇಡಂ, ಶಹಾಬಾದ್‌ನಲ್ಲಿ ಬೆಳೆದೋರಿಗೆ ಅದು ಸಹಜ. ಧೂಳು ಕಾಣುತ್ತೆ, ಬಟ್ಟೆ ಮೇಲೆ ಕೂಡುತ್ತೆ. ಇವತ್ತಿನ ವಿಷಯದ ವಸ್ತುಗಳು ಕಾಣೋದಿಲ್ಲ. ಯಾವ ಊರಿನ ನದಿಗಾದ್ರೂ ಇವು ಬರೋ ದಾರಿ ಮುಖ್ಯವಾಗಿ ನಾಲ್ಕು.

ಒಂದು, ಹೊಲ. ತೊಗರಿ, ಹತ್ತಿಗೆ ಹೊಡೆದ ಔಷಧಿ ಮಳೆ ನೀರಿನ ಜೊತೆ ಹಳ್ಳಕ್ಕೆ ಬರುತ್ತೆ. ಪಂಪು ತೊಳೆದ ನೀರು, ಬಿಸಾಡಿದ ಖಾಲಿ ಡಬ್ಬಿ ನೇರವಾಗಿ ಹಳ್ಳಕ್ಕೇ ಹೋಗುತ್ತೆ.

ಎರಡು, ಚರಂಡಿ. ಮನುಷ್ಯರ ಮತ್ತು ದನಕರುಗಳ ಸಹಜ ಹಾರ್ಮೋನ್, ಮಾತ್ರೆಗಳು, ಸೋಪು, ಡಿಟರ್ಜೆಂಟು.

ಮೂರು, ಪ್ಲಾಸ್ಟಿಕ್. ಪ್ಲಾಸ್ಟಿಕ್ ಮೆತ್ತಗಾಗೋಕೆ ಹಾಕೋ ಥ್ಯಾಲೇಟ್, ಗಟ್ಟಿ ಪ್ಲಾಸ್ಟಿಕ್ಕಿನ ಬಿಸ್ಫಿನಾಲ್ ಎ. ಬಿಸಿಲಿಗೆ ಬಿದ್ದ, ನೀರಿನಲ್ಲಿ ನೆನೆದ ಕಸದಿಂದ ಇವು ನಿಧಾನವಾಗಿ ಬಿಡುತ್ತವೆ.

ನಾಲ್ಕು, ಕಸ ಸುಡೋದು. ಪಿವಿಸಿ ಥರದ ಪ್ಲಾಸ್ಟಿಕ್ ಬಯಲಲ್ಲಿ ಸುಟ್ರೆ ಡಯಾಕ್ಸಿನ್ ಹುಟ್ಟುತ್ತೆ. ಅದು ಬೂದಿಯಲ್ಲಿ, ಮಣ್ಣಿನಲ್ಲಿ ಉಳಿದು ಮಳೆಗೆ ನೀರಿಗೆ ಬರುತ್ತೆ.

ಇನ್ನು ಕಾಲ ನೋಡಿ. ಮುಂಗಾರಿನ ಹೊಸ ನೀರು ಬಂದಾಗ ಮೀನು ಮೊಟ್ಟೆ ಇಡುತ್ತೆ. ಆದ್ರೆ ಬೇಸಿಗೆ ಪೂರ್ತಿ ಚರಂಡಿಯಲ್ಲಿ, ಹಳ್ಳದಲ್ಲಿ ಕೂತಿದ್ದ ಕೊಳೆಯೆಲ್ಲ ತೊಳೆದು ಬರೋದೂ ಅದೇ ಮೊದಲ ನೀರಿನಲ್ಲಿ. ತೊಗರಿ ಹೂವು, ಕಾಯಿ ಕಟ್ಟೋ ಹೊತ್ತಿಗೆ, ಅಂದ್ರೆ ದೀಪಾವಳಿ ಆಜುಬಾಜು, ಔಷಧಿ ಹೊಡೆಯೋದು ಜೋರು. ಆಗ ಮಳೆ ನಿಂತು ನದಿ ಇಳೀತಾ ಇರುತ್ತೆ. ಬೇಸಿಗೆ ಬಂದ್ರೆ ಕಾಗಿಣಾ ಅಲ್ಲಲ್ಲಿ ಮಡುಗಳಾಗಿ ಉಳಿಯುತ್ತೆ, ಮೀನೆಲ್ಲ ಆ ಮಡುಗಳಲ್ಲೇ ಸೇರಿರುತ್ತವೆ. ಇಂಗ್ಲೆಂಡಿನ ಪಾಠ ಇಲ್ಲಿ ನೆನಪಾಗಬೇಕು: ನದಿಯ ನೀರಿನಲ್ಲಿ ಚರಂಡಿ ನೀರಿನ ಪಾಲು ಎಷ್ಟು ಹೆಚ್ಚೋ, ಮೀನಿನ ಮೇಲೆ ಪರಿಣಾಮವೂ ಅಷ್ಟು ಹೆಚ್ಚು.

ನಮ್ಮ ಮೀನಿಗೂ ಹಿಂಗಾಗಿದೆಯಾ?

ಇಂಗ್ಲೆಂಡಿನಲ್ಲಿ ಆಗಿದೆ ಅಂತ ಕಾಗಿಣಾದಲ್ಲೂ ಆಗಿದೆ ಅಂತ ಹೇಳೋಕೆ ಬರೋದಿಲ್ಲ. ಅದನ್ನ ಮೀನು ಹಿಡಿದು, ನೋಡಿಯೇ ಹೇಳಬೇಕು. ನೋಡೋದು ಅಸಾಧ್ಯವಾದ ಕೆಲಸವೂ ಅಲ್ಲ. ಗಂಡು ಮೀನಿನ ರಕ್ತದಲ್ಲಿ ವಿಟೆಲೊಜೆನಿನ್ ಇದೆಯಾ? ಬೀಜಕೋಶವನ್ನ ತೆಳುವಾಗಿ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಮೊಟ್ಟೆ ಕಾಣುತ್ತಾ? ಊರಿನ ಮೇಲಿನ ಭಾಗದ ಮೀನಿಗೂ, ಚರಂಡಿ ಸೇರಿದ ಮೇಲಿನ ಮೀನಿಗೂ ಏನು ವ್ಯತ್ಯಾಸ? ಗಂಡು ಹೆಣ್ಣಿನ ಪ್ರಮಾಣ ಎಷ್ಟು? ನದಿಯಲ್ಲಿ ತಾನಾಗೇ ಹುಟ್ಟೋ ಸಣ್ಣ ಮೀನು ಇವೆಯಾ? ಕೊನೆಯದು ಬಹಳ ಮುಖ್ಯ. ಹ್ಯಾಚರಿಯಿಂದ ತಂದು ಬಿಟ್ಟ ಕಾಟ್ಲಾ ಚೆನ್ನಾಗಿ ಬೆಳೀತಿದೆ ಅಂದ್ರೆ ನೀರು ಚೆನ್ನಾಗಿದೆ ಅಂತ ಅರ್ಥ ಅಲ್ಲ. ಅದರ ಸೂಕ್ಷ್ಮ ದಿನಗಳು ಹ್ಯಾಚರಿಯ ನೀರಿನಲ್ಲೇ ಕಳೆದುಹೋಗಿರುತ್ತವೆ.

‘ಹಾಗಾದ್ರೆ ಮೀನು ತಿನ್ನೋದು ಬಿಡಬೇಕಾ?’ ಬೇಡ. ಮೀನು ಒಳ್ಳೆಯ ಆಹಾರ. ಬೇಗ ಕರಗದ ರಾಸಾಯನಿಕಗಳು ಕೊಬ್ಬಿನಲ್ಲಿ ಕೂಡುತ್ತವೆ, ಬೇರೆ ಮೀನು ತಿಂದು ಬದುಕೋ ದೊಡ್ಡ ಮೀನುಗಳಲ್ಲಿ ಹೆಚ್ಚು ಸೇರುತ್ತವೆ. ಹಾಗಾಗಿ ಕರುಳು, ಕೊಬ್ಬು ತೆಗೆದು ಸ್ವಚ್ಛ ಮಾಡಿ. ಚರಂಡಿ ಸೇರೋ ಜಾಗದಲ್ಲೇ ಹಿಡಿದ ಮೀನು ಬೇಡ ಅನ್ನಿ. ಸತ್ತು ತೇಲಿದ ಮೀನು ಯಾವ ಕಾರಣಕ್ಕೂ ಬೇಡ.

ನಾವೇನು ಮಾಡಬಹುದು?

ಹೊಲ ಇರೋ ಮನೆಯ ಹುಡುಗ ಹುಡುಗಿಯರು ಮೊದಲು ಕೇಳಿ. ಔಷಧಿ ಪಂಪನ್ನ ಹಳ್ಳದಲ್ಲಿ, ಕೆರೆಯಲ್ಲಿ ತೊಳೀಬೇಡಿ. ಡಬ್ಬಿಯನ್ನ ಮೂರು ಸಲ ತೊಳೆದು ಆ ನೀರನ್ನ ಪಂಪಿಗೇ ಹಾಕಿ ಹೊಲಕ್ಕೇ ಹೊಡೀರಿ. ತೊಗರಿ ಗಿಡ ಅಲ್ಲಾಡಿಸಿ, ಕೆಳಗೆ ತಾಡಪತ್ರಿ ಹಾಸಿ ಕೀಡಿ ಬೀಳಿಸೋದು ನಮ್ಮ ಜಿಲ್ಲೆಯ ರೈತರ ಹಳೇ ಪದ್ಧತಿ, ಕೃಷಿ ವಿಜ್ಞಾನಿಗಳೂ ಒಪ್ಪಿದ ಪದ್ಧತಿ. ಮೋಹಕ ಬಲೆ, ಬೇವಿನ ಬೀಜದ ಕಷಾಯ, ಪಕ್ಷಿ ಕೂಡೋಕೆ ಹೊಲದಲ್ಲಿ ನೆಡೋ ಕಟ್ಟಿಗೆ, ಇವೆಲ್ಲ ಸೇರಿದ್ರೆ ಹೊಡೆಯೋ ಔಷಧಿ ಕಡಿಮೆ ಆಗುತ್ತೆ. ಖರ್ಚೂ ಕಡಿಮೆ.

ಪಟ್ಟಣದವರು ಹಳೇ ಮಾತ್ರೆಗಳನ್ನ ಶೌಚಾಲಯಕ್ಕೆ ಹಾಕಬೇಡಿ, ಪ್ಲಾಸ್ಟಿಕ್ ಸುಡಬೇಡಿ. ಒಂದು ಮಾತು ಸ್ಪಷ್ಟ ಇರಲಿ: ಗರ್ಭನಿರೋಧಕ ಮಾತ್ರೆ ತಗೊಳ್ಳೋ ಹೆಣ್ಣುಮಕ್ಕಳ ತಪ್ಪು ಇದರಲ್ಲಿ ಏನೂ ಇಲ್ಲ, ಅವರು ಮಾತ್ರೆ ಬಿಡೋದು ಪರಿಹಾರವೂ ಅಲ್ಲ. ಚರಂಡಿ ನೀರನ್ನ ಶುದ್ಧ ಮಾಡದೆ ನದಿಗೆ ಬಿಡೋದು ಸಮಸ್ಯೆ. ಶುದ್ಧೀಕರಣ ಘಟಕ ಸರಿಯಾಗಿ ನಡೆದ್ರೆ ಈ ಹಾರ್ಮೋನ್‌ಗಳ ದೊಡ್ಡ ಭಾಗ ಅಲ್ಲೇ ಕರಗುತ್ತೆ.

ಇನ್ನೊಂದು ಕೆಲಸ ಫೋನಿನಿಂದಲೇ ಆಗುತ್ತೆ. 2018ರ ಪಟ್ಟಿ ಬಂದ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಮಲಿನ ನದಿ ಭಾಗಗಳಿಗೆ ಕ್ರಿಯಾ ಯೋಜನೆ ಮಾಡಿ ಅಂತ ಎಲ್ಲಾ ರಾಜ್ಯಗಳಿಗೆ ಆದೇಶ ಕೊಟ್ಟಿತು. ಕಾಗಿಣಾದ ಯೋಜನೆಯಲ್ಲಿ ಏನಿದೆ, ನಮ್ಮ ಊರಿನ ಚರಂಡಿ ನೀರು ಎಲ್ಲಿ ಸೇರ್ತಿದೆ, ಘಟಕ ನಡೀತಿದೆಯಾ, ಕೀಟನಾಶಕ ಮತ್ತು ಹಾರ್ಮೋನ್ ಪರೀಕ್ಷೆ ಯಾವಾಗ ಮಾಡ್ತೀರಿ, ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಕೇಳೋಕೆ ಹತ್ತು ರೂಪಾಯಿ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದೋರಿಗೆ ಇದು ಪ್ರಾಜೆಕ್ಟ್ ವಿಷಯವೂ ಹೌದು. ನದಿ ದಂಡೆಯ ಮೀನುಗಾರರ ಹತ್ತಿರ ಕೂತು, ಹತ್ತು ಇಪ್ಪತ್ತು ವರ್ಷದ ಹಿಂದೆ ಯಾವ ಮೀನು ಸಿಗ್ತಿತ್ತು, ಈಗ ಯಾವುದು ಸಿಗಲ್ಲ ಅಂತ ಬರೆದಿಟ್ಕೊಳ್ಳಿ. ಎಷ್ಟೋ ಸಲ ಮೊದಲ ಸುಳಿವು ಸಿಗೋದು ಅವರ ಮಾತಿನಲ್ಲೇ.

ಪಡ್ರೆಯ ಜನ, ದನಕರು ಕೊಟ್ಟ ಸೂಚನೆ ಸರ್ಕಾರಕ್ಕೆ ಅರ್ಥ ಆಗೋಕೆ ಎರಡು ದಶಕಕ್ಕೂ ಹೆಚ್ಚು ಬೇಕಾಯ್ತು. ಅಷ್ಟರಲ್ಲಿ ಒಂದು ಪೀಳಿಗೆಯ ಮಕ್ಕಳು ಬೆಳೆದಿದ್ರು. ನೀರಿನಲ್ಲಿ ಮೀನು ಮೊದಲು ಅನುಭವಿಸುತ್ತೆ, ಅದೇ ನೀರು ಕುಡಿಯೋ ನಾವು ಆಮೇಲೆ. ಮೀನು ಸತ್ತಿದೆಯಾ ಅಂತ ನೋಡೋದ್ರ ಜೊತೆ, ಮರಿ ಆಗ್ತಿದೆಯಾ ಅಂತ ಕೇಳೋಕೂ ನಾವು ಕಲೀಬೇಕು.

ಈ ಸಂಚಿಕೆ ಇಷ್ಟ ಆದ್ರೆ ನಿಮ್ಮ ಊರಿನ ಗ್ರೂಪಿಗೆ ಕಳಿಸಿ. ನಿಮ್ಮ ಹಳ್ಳ, ಕೆರೆಯಲ್ಲಿ ಮೊದಲು ಇದ್ದು ಈಗ ಕಾಣದ ಮೀನಿನ ಹೆಸರು ಗೊತ್ತಿದ್ರೆ ವಾಯ್ಸ್ ನೋಟ್ ಮಾಡಿ ಹಾಕಿ.